ಕಂಬಳಿಯ ಮೇಲೆ ಕೂರದವನು

ಸಂಗ್ರಾಮನ ಬಾಯಲ್ಲಿ ‘ಇಲ್ಲ’ ಎಂಬ ಮಾತನ್ನು ನಾನು ಒಮ್ಮೆಯೂ ಕೇಳಿಲ್ಲ. ‘ಹೌದು’ ಎಂಬುದನ್ನೂ ಕೇಳಿಲ್ಲ. ಯಾರು ಏನು ಕೇಳಿದರೂ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಕೇಳಿದವರ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, “ನಿಮ್ಮ ಮಾತು ನನ್ನ ಮನಸ್ಸಿನ್ಯಾಗ ಐತಿ” ಎನ್ನುತ್ತಿದ್ದ. ಕೇಳಿದವರು ಕೆಲಸ ಆಯಿತೆಂದೇ ತಿಳಿದು ಮನೆಗೆ ಹೋಗುತ್ತಿದ್ದರು. ಆಗಲಿಲ್ಲವೆಂದು ಅವರಿಗೆ ಗೊತ್ತಾಗುವ ಹೊತ್ತಿಗೆ ಇವನು ಬೇರೆ ದೇಶದಲ್ಲಿರುತ್ತಿದ್ದ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಬೈಲಹೊಂಗಲದ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಂದ ಬರೆಸಿದವಳು ನಾನು. ಸಂಗ್ರಾಮನಿಗೆ ಜಗಳವಿರಲಿಲ್ಲ, ಒಪ್ಪಿದೆ. ಜಗಳ ಆಡಲೇಬೇಕಾದ ಕಡೆಯೂ ಇರಲಿಲ್ಲ. ಹಾಗಿದ್ದೂ ಅಪ್ಪ ಅವ್ವ ಅವನಿಗೆ ಇಟ್ಟ ಹೆಸರು ಸಂಗ್ರಾಮ!

ಅವನ ಅಪ್ಪ ಬಸಪ್ಪ, ಅವ್ವ ಗಂಗವ್ವ. ನೇಸರಗಿ ಹತ್ತಿರದ ನಮ್ಮೂರಿನಲ್ಲಿ ಅವರದು ನಮ್ಮದು ಒಂದೇ ಗೋಡೆ. ಇಬ್ಬರೂ ಚಳವಳಿಯವರು. ರೈತರ ಮೆರವಣಿಗೆ ಇರಲಿ, ಸಾರಾಯಿ ಅಂಗಡಿ ಮುಚ್ಚಿಸುವುದಿರಲಿ, ರಾಮದುರ್ಗದ ನೇಕಾರರ ಧರಣಿ ಇರಲಿ, ಅವರ ಮನೆಗೆ ಬೀಗ ಬೀಳುತ್ತಿತ್ತು, ಹುಡುಗ ನಮ್ಮ ಮನೆಗೆ ಬರುತ್ತಿದ್ದ. ಅವರು ಜೈಲಿಗೆ ಹೋದರೆ ಅವನ ಹಾಸಿಗೆಯೂ ನಮ್ಮಲ್ಲಿಗೆ ಬರುತ್ತಿತ್ತು. ‘ಹೋರಾಟದ ಮಡಿಲಲ್ಲಿ ಬೆಳೆದ ರಾಯಭಾರಿ ಕವಿ’ ಎಂದು ಪತ್ರಿಕೆಯವರು ಈಗ ಬರೆಯುತ್ತಾರೆ. ಹುಟ್ಟಿದ್ದು ಆ ಮಡಿಲಲ್ಲೇ ಇರಬಹುದು. ಬೆಳೆದದ್ದು ನಮ್ಮವ್ವನ ಮಡಿಲಲ್ಲಿ.

ಅವನ ಕವಿತೆಗಳಲ್ಲಿ ತಾಯಿ ನಸುಕಿನಲ್ಲೆದ್ದು ರೊಟ್ಟಿ ಬಡಿಯುತ್ತಾಳೆ. ಆ ಸಪ್ಪಳಕ್ಕೆ ಊರು ಏಳುತ್ತದೆ. ಓದಿದವರು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಗಂಗವ್ವ ಬಡಿದ ರೊಟ್ಟಿಯನ್ನು ನಾಯಿಯೂ ಮೂಸುತ್ತಿರಲಿಲ್ಲ. ಹಾಗೆಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಆ ರೊಟ್ಟಿ ನಮ್ಮವ್ವನದು. ಮೂರು ಸಂಕಲನಗಳಲ್ಲಿ ಎಲ್ಲಿಯೂ ಅವಳಿಲ್ಲ. ಇದನ್ನು ಒಮ್ಮೆ ಅವನ ಮುಂದೆ ಎತ್ತಿದೆ. ತಲೆ ಎಡಕ್ಕೆ ವಾಲಿತು, ನನ್ನ ಕೈ ಅವನ ಅಂಗೈಗಳ ನಡುವೆ ಸೇರಿತು. ಮುಂದಿನದು ನಿಮಗೆ ಗೊತ್ತು.

ಚಿಕ್ಕವನಿದ್ದಾಗಲೇ ಈ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಒಮ್ಮೆ ಓಣಿಯಲ್ಲಿ ಇಬ್ಬರು ಹುಡುಗರು ಒಂದು ಬುಗುರಿಗಾಗಿ ಮೈಕೈ ಪರಚಿಕೊಂಡು ಹೊಡೆದಾಡುತ್ತಿದ್ದರು. ಸಂಗ್ರಾಮ ನಡುವೆ ಹೋಗಿ ನಿಂತ. ಒಬ್ಬನಿಗೆ “ನಿಂದು ಖರೇ” ಅಂದ, ಇನ್ನೊಬ್ಬನಿಗೆ “ನಿಂದೂ ಖರೇ” ಅಂದ. ಇಬ್ಬರ ಹೆಗಲ ಮೇಲೂ ಕೈ ಹಾಕಿಕೊಂಡು ಬಾವಿಯ ತನಕ ನಡೆದ. ಹುಡುಗರು ನಗುತ್ತ ಮನೆಗೆ ಹೋದರು. ಬುಗುರಿ ಇವನ ಚಡ್ಡಿ ಜೇಬಿನಲ್ಲಿತ್ತು. ಕಟ್ಟೆಯ ಮೇಲಿಂದ ಇದೆಲ್ಲ ನೋಡುತ್ತಿದ್ದ ನಮ್ಮಪ್ಪ, “ಈ ಮಗಾ ಬೆಣ್ಣಿ ಹಂಚಿದ ಮಂಗ್ಯಾನ ಮೊಮ್ಮಗ. ದೊಡ್ಡ ಹುದ್ದೇಕ್ಕ ಹೋಗತೈತಿ ನೋಡ್ರಿ” ಎಂದಿದ್ದ. ನಮ್ಮಪ್ಪನ ಭವಿಷ್ಯ ನಿಜವಾದದ್ದು ಅದೊಂದೇ.

ಇನ್ನು ಗಂಗವ್ವನ ಕಂಬಳಿಯ ವಿಷಯ ಹೇಳಬೇಕು. ನಮ್ಮೂರ ಗುಡ್ಡದ ಇಳಿಜಾರಿನಲ್ಲಿ ಊರ ದನ, ಕುರಿ ಮೇಯುವ ಗಾಯರಾಣವಿದೆ. ಹಿಂದೆ ಅದನ್ನು ಯಾರಿಗೋ ಬರೆದುಕೊಡಲು ಹೊರಟಾಗ ಗಂಗವ್ವ ಅಲ್ಲಿಯೇ ಕರಿ ಕಂಬಳಿ ಹಾಸಿ ಉಪವಾಸ ಕುಳಿತಳು. ತಾಲೂಕು ಕಚೇರಿಯ ಸಾಹೇಬರು ಉಪವಾಸ ಬಿಡಿಸಲು ಲಿಂಬೆಹಣ್ಣಿನ ಶರಬತ್ತು ತಂದರು. ಅವಳು ಲೋಟ ಮುಟ್ಟಲಿಲ್ಲ. “ನಿಂತು ಆಡಿದ ಮಾತು ಗಾಳಿಗೆ ಹೊಕ್ಕತಿ ಸಾಹೇಬ್ರ. ಬರ್ರಿ, ಕಂಬಳಿ ಮ್ಯಾಲ ಕುಂಡ್ರ್ರಿ. ಕುಂತು ಎಲ್ಲಾರ ಮುಂದ ಹೇಳ್ರಿ” ಎಂದಳು. ಕಂಬಳಿ ಹಾಸಿ ಕೂತು ಆಡಿದ ಮಾತಿಗೆ ತಪ್ಪಬಾರದು ಎಂಬುದು ನಮ್ಮ ಕಡೆ ಹಾಲುಮತದ ಕುರುಬರಿಂದ ಬಂದ ನಡೆ. ಸಾಹೇಬರು ಬೂಟು ಕಳಚಿ, ಇಸ್ತ್ರಿ ಪ್ಯಾಂಟಿನಲ್ಲಿ ಕಷ್ಟಪಟ್ಟು ಕೂತು, ಗಾಯರಾಣ ಊರಿಗೇ ಉಳಿಯುತ್ತದೆ ಎಂದರು. ಆಮೇಲೆ ಅವಳು ಶರಬತ್ತು ಕುಡಿದಳು. ಅವಳ ಜೀವ ಇರುವತನಕ ಆ ಮಾತು ಉಳಿಯಿತು.

ಅವಳು ಸತ್ತಾಗ ಸಂಗ್ರಾಮ ಯಾವುದೋ ದೇಶದಲ್ಲಿ ಯಾರ ನಡುವೆಯೋ ಸಂಧಾನ ಮಾಡಿಸುತ್ತಿದ್ದ. ಮಣ್ಣಿಗೆ ಬರಲಿಲ್ಲ, ಕವಿತೆ ಬಂತು. ಕಂಬಳಿಯನ್ನು ಗಂಗವ್ವ ಮೊದಲೇ ಯಲ್ಲವ್ವನ ಕೈಗೆ ಒಪ್ಪಿಸಿದ್ದಳು. ಯಲ್ಲವ್ವ ಕುರಿ ಕಾಯುವವಳು. ಅಂಗೈಯಗಲ ಹೊಲವಿಲ್ಲ, ಇರುವುದು ಒಂದು ಹಿಂಡು ಕುರಿ. ಗಾಯರಾಣ ಹೋದರೆ ಹಿಂಡನ್ನು ಮಾರಿ ಕಬ್ಬು ಕಡಿಯಲು ಹೋಗಬೇಕು, ಅಷ್ಟೇ. ಆ ಕಂಬಳಿಯ ಉಣ್ಣೆಯೂ ಅವಳಪ್ಪನ ಕುರಿಗಳದ್ದೇ.

ಸಂಗ್ರಾಮ ನಿವೃತ್ತನಾಗಿ ಬಂದು ಕಿತ್ತೂರಿನ ಹೆದ್ದಾರಿ ಪಕ್ಕದಲ್ಲಿ ಮನೆ ಕಟ್ಟಿಸಿದ. ಅದೇ ವರ್ಷ ಗಾಯರಾಣದಲ್ಲಿ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಕಂಪನಿಯೊಂದರ ಕಂಬಗಳು ಬಂದಿಳಿದವು. ಯಲ್ಲವ್ವ ಅದೇ ಕಂಬಳಿ ಹಾಸಿ, ಅದೇ ಜಾಗದಲ್ಲಿ ಉಪವಾಸ ಕುಳಿತಳು. ಸಂಗ್ರಾಮನಿಗೆ ಹೇಳಿಕಳಿಸೋಣವೆಂದು ಊರ ಹಿರಿಯರು ಹಾರಾಡಿದರು. “ಗಂಗವ್ವನ ಮಗಾ ರೀ, ರಕ್ತ ಎಲ್ಲಿ ಹೊಕ್ಕತಿ?” ರಕ್ತ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಅವನು ಬಂದ. ಹಾಲಿನಂಥ ಬಿಳಿ ಜುಬ್ಬ, ಹಿಂದೆ ಇಬ್ಬರು ಫೋಟೋದವರು. ಬರುವ ಮೊದಲು ಸಾಹೇಬರನ್ನೂ ಕಂಪನಿಯವರನ್ನೂ ಕಂಡು ಬಂದಿದ್ದ. ಸಾಹೇಬರು ಬರಲಿಲ್ಲ, ಅವರ ಶರಬತ್ತು ಇವನ ಕೈಯಲ್ಲಿ ಬಂತು.

ಯಲ್ಲವ್ವನ ತುಟಿಗಳು ಒಡೆದಿದ್ದವು. ಆದರೂ ಸರಿದು ಜಾಗ ಬಿಟ್ಟಳು. “ಬರ್ರಿ ಯಪ್ಪಾ, ಕುಂಡ್ರ್ರಿ. ಸಾಹೇಬ್ರು ಏನಂದ್ರು, ಕುಂತು ಹೇಳ್ರಿ.”

ಸಂಗ್ರಾಮ ಕಂಬಳಿಯನ್ನೇ ನೋಡುತ್ತ ನಿಂತ. ಶರಬತ್ತಿನ ಲೋಟ ಕೆಳಗಿಟ್ಟು, ಬಗ್ಗಿ ಅದರ ಅಂಚು ಹಿಡಿದ. ಯಲ್ಲವ್ವ ಗಡಬಡಿಸಿ ಎದ್ದು ನಿಂತಳು. ಅವನು ಇಡೀ ಕಂಬಳಿಯನ್ನು ಎತ್ತಿ, ಮಡಚಿ, ಕಣ್ಣಿಗೊತ್ತಿಕೊಂಡು ಹೆಗಲ ಮೇಲೆ ಹಾಕಿಕೊಂಡ. “ಇದು ನಮ್ಮವ್ವ” ಎಂದ. ಅಷ್ಟೇ. ನೆರೆದ ಹೆಂಗಸರೆಲ್ಲ ಕಣ್ಣಿಗೆ ಸೆರಗು ಒತ್ತಿದರು. ಯಾರೋ ಜಯಕಾರ ಹಾಕಿದರು. ಆ ಗದ್ದಲದಲ್ಲಿ ಅವನು ಲೋಟವನ್ನು ಯಲ್ಲವ್ವನ ತುಟಿಗಿಟ್ಟ, ಅವಳು ಕುಡಿದಳು. ಅವ್ವನ ಕಂಬಳಿಯನ್ನು ಹೆಗಲಿಗೇರಿಸಿದ ಮೇಲೆ ಇನ್ನು ಮಾತು ಬೇರೆ ಕೊಡಬೇಕೇ ಎಂದುಕೊಂಡರು ನಮ್ಮ ಜನ. ಅವನು ಕೂರಲಿಲ್ಲ, ಗಾಯರಾಣದ ಹೆಸರೂ ಎತ್ತಲಿಲ್ಲ. ಕಂಬಳಿ ಹೆಗಲ ಮೇಲಿರುವಂತೆಯೇ ಕಾರು ಹತ್ತಿ ಹೋದ.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಅದೇ ಫೋಟೋ ಅವನ ಹೊಸ ಸಂಕಲನದ ಮುಖಪುಟವಾಯಿತು. ಸುಗ್ಗಿಗೆ ಮುಂಚೆಯೇ ಗಾಯರಾಣದ ಕೆಳಗಿನ ಅರ್ಧಕ್ಕೆ, ನೀರಿನ ಹೊಂಡವೂ ಸೇರಿದಂತೆ, ತಂತಿ ಬೇಲಿ ಬಿತ್ತು. ಯಲ್ಲವ್ವ ಅರ್ಧ ಹಿಂಡನ್ನು ಬೈಲಹೊಂಗಲದ ಸಂತೆಗೆ ಹೊಡೆದುಕೊಂಡು ಹೋಗುವುದನ್ನು ನನ್ನ ಕಣ್ಣಾರೆ ಕಂಡೆ. ಅವಳು ನನ್ನ ಕಡೆ ನೋಡಲಿಲ್ಲ.

ಮೊನ್ನೆ ಮೇಲಿನ ಅರ್ಧಕ್ಕೂ ಅಳತೆಯವರು ಬಂದರು. ಆ ಸಂಜೆ ಯಲ್ಲವ್ವ ಒಂದು ಹೊಸ ಕಂಬಳಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. “ಅಕ್ಕೋರ, ನಮ್ಮ ಹಳೀ ಕಂಬಳಿ ಇಸಕೊಂಡ ಬರ್ರಿ. ಕೊಡಲಿಲ್ಲಂದ್ರ ಇದನ್ನ ಹಾಸ್ರಿ. ಸಾಹೇಬ್ರ ಕೂಡ ಆವತ್ತ ಏನ ಮಾತಾತು, ಅಷ್ಟ ಕುಂತು ಹೇಳಂತ ಹೇಳ್ರಿ.” ಎರಡು ಬಸ್ಸು ಬದಲಿಸಿ ಕಿತ್ತೂರಿಗೆ ಹೋದೆ.

ಅವನ ಪಡಸಾಲೆಯ ಗೋಡೆಗೆ ದೊಡ್ಡ ಗಾಜಿನ ಚೌಕಟ್ಟು. ಒಳಗೆ ಗಂಗವ್ವನ ಕಂಬಳಿ, ಮೇಲೆ ಸಣ್ಣ ದೀಪ. ಅದನ್ನು ಯಲ್ಲವ್ವನಿಗೆ ವಾಪಸು ಕೊಡೆಂದು ಕೇಳಿದೆ.

“ಅಕ್ಕಾ, ಅದು ಈಗ ನಂದಲ್ಲ, ನಾಡಿಂದು” ಎಂದ.

“ಯಲ್ಲವ್ವಂದು ಅದು. ನಾಡಿಂದು ಅನ್ನಾಕ ನೀ ಯಾರು?” ಎಂದೆ. ಹೊಸ ಕಂಬಳಿಯನ್ನು ಅವನ ಹೊಳೆಯುವ ನೆಲದ ಮೇಲೆ ಹಾಸಿದೆ. “ಕುಂಡ್ರು ಸಂಗ್ರಾಮಾ. ಗಾಯರಾಣ ಕೊಡಂಗಿಲ್ಲ ಅಂತ ಸಾಹೇಬ್ರು ಅಂದಿದ್ರೋ ಇಲ್ಲೋ? ಕುಂತು ಒಂದ ಮಾತು ಹೇಳು.”

ತಲೆ ಎಡಕ್ಕೆ ವಾಲಲಿಲ್ಲ. ನಾನು ಅವನ ಬಾಯಲ್ಲಿ ಎಂದೂ ಕೇಳದ ಒರಟು ಧ್ವನಿಯಲ್ಲಿ ಹೇಳಿದ: “ನಮ್ಮವ್ವ ಕಂಡಕಂಡ ಸಾಹೇಬ್ರನ್ನೆಲ್ಲ ಕರದು ಕರದು ಕಂಬಳಿ ಮ್ಯಾಲ ಕುಂಡ್ರಿಸಿದ್ಲು ಅಕ್ಕಾ. ನನ್ನೊಬ್ಬನ್ನ ಬಿಟ್ಟು.”

ಸುಳ್ಳಲ್ಲ ಆ ಮಾತು. ಹಾಸಿಗೆಯ ಸುರುಳಿ ತಬ್ಬಿಕೊಂಡು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗ ಕಣ್ಣ ಮುಂದೆ ಬಂದ. ಅವನ ತಲೆ ನೇವರಿಸಬೇಕೆಂದು ಕೈ ಎತ್ತಿಯೂ ಇದ್ದೆ. ಅಷ್ಟರಲ್ಲಿ ಅವನ ಕೈ ಜೇಬಿನ ಪೆನ್ನಿಗೆ ಹೋಯಿತು. ಮೇಜಿನ ಮೇಲೆ ಬಿದ್ದಿದ್ದ ಯಾವುದೋ ಮದುವೆ ಪತ್ರಿಕೆಯನ್ನು ತಿರುವಿ ಹಾಕಿ, ತಾನು ಈಗಷ್ಟೇ ಆಡಿದ ಮಾತನ್ನು ಬರೆದುಕೊಂಡ. ಒಂದು ಪದ ಹೊಡೆದು ಹಾಕಿ ಬೇರೆ ಪದ ಸೇರಿಸಿದ.

ನಾನು ಕಂಬಳಿ ಮಡಚಿದೆ. “ಚಾ ಕುಡದು ಹೋಗಕ್ಕಾ” ಎಂದ, ಬರೆಯುತ್ತಲೇ. ಅದೇ ಕೊನೆಯ ಭೇಟಿ. ಇನ್ನೊಂದು ಆಗುವುದು ನನಗೆ ಬೇಡ.

ಊರಿಗೆ ಬಂದಾಗ ಯಲ್ಲವ್ವ ಬಸ್ ನಿಲ್ದಾಣದಲ್ಲೇ ಕಾಯುತ್ತಿದ್ದಳು. ನನ್ನ ಕೈಯಲ್ಲಿದ್ದ ಕಂಬಳಿಯನ್ನು ನೋಡಿದಳು.

“ಕುಂತನೇನ್ರಿ, ಅಕ್ಕೋರ?”

“ಇಲ್ಲವಾ.”

ಅವಳು ಕಂಬಳಿ ಇಸಿದುಕೊಂಡು ಜಾಡಿಸಿದಳು, ಎರಡೂ ಮಗ್ಗಲು ತಿರುವಿ ನೋಡಿದಳು. “ಹಂಗಂದ್ರ ಯಾರೂ ಕುಂತಿಲ್ಲ. ಹೊಸಾದ ಐತಿ ಬಿಡ್ರಿ” ಎಂದು ಹೆಗಲಿಗೆ ಹಾಕಿಕೊಂಡು ಗುಡ್ಡದ ದಾರಿ ಹಿಡಿದಳು. ನಾನೂ ಹಿಂದೆ ನಡೆದೆ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

“ನಾಳಿ ಮುಂಜಾನಿಂದ ಕುಂಡ್ರತೇನ್ರಿ. ಈ ಸಲ ಮಾತ ಬಲ್ಲವರನ್ನ ಯಾರನ್ನೂ ಕರೀಬ್ಯಾಡ್ರಿ.”