ಮಂಗಳೂರ ಮಾತಿನ ಕೂಸು ಕಳೆದಾಗ

ಆಗ ನನಗೆ ಅರವತ್ತೇಳು ವರ್ಷ. ಅದಾಗಿ ನಾಲ್ಕು ವರ್ಷವಾಯಿತು. ಮಗಳನ್ನು ಮಂಗಳೂರಿಗೆ ಕೊಟ್ಟಿದ್ದೇವೆ. ಎರಡನೇ ಬಾಣಂತನಕ್ಕೆ ಹಾನಗಲ್ಲಿಗೆ ನಮ್ಮ ಮನೆಗೆ ಬಂದವಳು ಹಿರಿಯ ಮಗಳು ಧನ್ಯಾಳನ್ನೂ ಕರೆತಂದಿದ್ದಳು. ಧನ್ಯಾಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ.

ಬಂದ ಹೊಸದರಲ್ಲಿ ಅವಳು ಬಾಯಿ ಬಿಟ್ಟರೆ "ಎಂತ?", "ಹಾಲು ಉಂಟಾ?" ಇಷ್ಟೇ. ಓಣಿಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಇಡೀ ದಿನ ಆ ಹುಡುಗರ ಜೊತೆಗೇ ಬಿದ್ದಿರುತ್ತಿದ್ದಳು. ನನಗೋ ಬಾಣಂತಿಗೆ ನೀರು ಕಾಯಿಸುವುದು, ಹಸುಗೂಸಿಗೆ ಎರೆಯುವುದು, ಬಟ್ಟೆ ಒಗೆಯುವುದು. ಇವಳ ಮಾತಿಗೆ ಕಿವಿಗೊಡಲು ಪುರಸೊತ್ತು ಇರಲಿಲ್ಲ.

ಶಿಗ್ಗಾಂವದಲ್ಲಿ ನನ್ನ ತಮ್ಮ ಹೊಸ ಮನೆ ಕಟ್ಟಿ ಎಲ್ಲರನ್ನೂ ಕರೆದಿದ್ದ. ಮನೆಯಲ್ಲಿ ಬಿಟ್ಟರೆ ಬಾಣಂತಿಗೆ ಕಾಟ ಕೊಡುತ್ತಾಳೆಂದು ಧನ್ಯಾಳನ್ನು ಕರೆದುಕೊಂಡು ಹೋದೆ. ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದೆವು. ನನಗೆ ಬೋರ್ಡು ಓದುವುದು ತಡ. ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಹಾನಗಲ್ ಬಸ್ಸು ಯಾವುದೆಂದು ಕೇಳಿ ತಿರುಗುವಷ್ಟರಲ್ಲಿ ಕಟ್ಟೆ ಖಾಲಿ.

ಹೈವೇ ಬಸ್ಸುಗಳು ಬಂದು ಹೋಗುವ ಜಾಗ. ಯಾವುದಾದರೂ ಹತ್ತಿಬಿಟ್ಟಿದ್ದರೆ? ಮನೆಯಲ್ಲಿ ಹಸಿ ಬಾಣಂತಿ. ಅವಳ ಮುಂದೆ ಬರಿಗೈಯಲ್ಲಿ ಹೇಗೆ ನಿಲ್ಲಲಿ? ಕಂಟ್ರೋಲರ್ ಹತ್ತಿರ ಓಡಿದೆ.

"ಅಳಬ್ಯಾಡ್ರಿ ಅವ್ವಾ. ಗುರ್ತು ಏನರ ಹೇಳ್ರಿ" ಎಂದ.

"ಅಂಗಿ ಬಣ್ಣ ನೆನಪಾಗವಲ್ದು. ಬಾಯಿ ಬಿಟ್ರ ಗೊತ್ತಾಗತೈತಿ ನೋಡಪ್ಪಾ, ಪಕ್ಕಾ ಮಂಗಳೂರ ಮಾತು."

ಅವನು ಮೈಕಿನಲ್ಲಿ ಹಾಗೆಯೇ ಕೂಗಿದ. ಜನ ಸಿಕ್ಕ ಸಿಕ್ಕ ಮಕ್ಕಳನ್ನೆಲ್ಲ ಮಾತಾಡಿಸಿದರು. ನಾನು ಗೇಟಿನ ಕಡೆ ಹೋದೆ. ಅಲ್ಲಿ ಶೇಂಗಾ ಗಾಡಿಯ ಮರೆಯಲ್ಲಿ ಯಾವುದೋ ಕೂಸು "ಬಲ್ಲಿ ಬಲ್ಲಿ, ಬಿಸಿ ಶೇಂಗಾ ಅದಾವಲಿ!" ಎಂದು ಕೂಗುತ್ತಿತ್ತು. ನಾಲಿಗೆಗೆ 'ರ' ಹೊರಳದ ಕೂಸುಗಳು ಓಣಿಗೊಂದು ಇರುತ್ತವೆ. ಇಲ್ಲಿಯದೇ ಇರಬೇಕೆಂದು ಕತ್ತೂ ತಿರುಗಿಸದೆ ದಾಟಿದೆ. ಹಿಂದಿನಿಂದ ಗದರಿಕೆ ಬಂತು.

"ಏ ಆಯಿ! ಎಲ್ಲಿ ಹಾಳಾಗಿ ಹೋಗಿದ್ದಿ ಬೇ?"

ನಮ್ಮ ಓಣಿಯ ಹುಡುಗರು ಅಜ್ಜಿಗೆ ಅನ್ನುವ 'ಆಯಿ', ನಾನು ದಿನಾ ಬೈಯುವ ಬೈಗುಳ, ನನ್ನದೇ ರಾಗ. ತಿರುಗಿದರೆ ಧನ್ಯಾ! ತೊಡೆಯ ತುಂಬ ಶೇಂಗಾ ಸಿಪ್ಪೆ.

ಗಾಡಿಯವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ, ಇದು ನಿಮ್ದೇನ್ರಿ? ಮೈಕಿನ್ಯಾಗ ಮಂಗಳೂರ ಮಾತು ಅಂದ್ರಲ್ರಿ! ಹೆಸರು ಕೇಳಿದ್ರ 'ನಿನಗ್ಯಾಕ ಬೇ' ಅಂತೈತಿ. ಇಲ್ಲೇ ಯಾರದೋ ಕೂಸು, ಅವರವ್ವ ಬರ್ತಾಳ ಅಂತ ಕುಂದ್ರಿಸ್ಕೊಂಡೇನಿ."

ಬೆನ್ನಿಗೊಂದು ಗುದ್ದಿ, ಅದೇ ಕೈಯಿಂದ ಎತ್ತಿಕೊಂಡೆ. ಕಂಟ್ರೋಲರ್ ಬಂದು ನೋಡಿ, "ಮಂಗಳೂರ ಎಲ್ಲಿ ಬಿಟ್ರಿ ಅವ್ವಾ?" ಎಂದು ನಕ್ಕ. ನಗಲಿ ಬಿಡು, ಕೂಸು ಸಿಕ್ಕಿತಲ್ಲ ಎಂದುಕೊಂಡೆ. ಇವತ್ತಿಗೂ ಆ ಖಾಲಿ ಕಟ್ಟೆ ನೆನಪಾದರೆ ಎದೆ ಝಲ್ಲೆನ್ನುತ್ತದೆ. ಆಮೇಲೆ ಆ ಗದರಿಕೆ ನೆನಪಾಗಿ ತಣ್ಣಗಾಗುತ್ತದೆ.

ಮರುದಿನ ಬೆಳಿಗ್ಗೆ ಬಾಣಂತಿಗೆ ನೀರು ಹಾಕುವ ಮೊದಲೇ ಧನ್ಯಾಳ ಕೈ ಹಿಡಿದು ಓಣಿಯ ಮನೆಮನೆಗೆ ಹೋದೆ. "ಇದು ನಮ್ಮ ಕೂಸು. ಮಾರಿ ನೋಡಿ ಗುರ್ತು ಇಟ್ಕೋರಿ, ಇದರ ಮಾತು ನಂಬಬ್ಯಾಡ್ರಿ" ಎಂದು ಹೇಳಿಬಂದೆ.