ಚೂರು ತಿರುಗಿ, ನೋಡ್ತೀನಿ

ನಮ್ಮ ಪಕ್ಕದ ಎಸ್ಟೇಟಿನ ಹುಡುಗಿ ಲಂಡನ್ನಿನ ಯೂನಿವರ್ಸಿಟಿಯಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದಳು. ರಜೆಗೆ ಬಂದರೆ ಕೊರಳಲ್ಲಿ ಸರದ ಬದಲು ಅಳತೆ ಟೇಪು. ಎದುರು ಸಿಕ್ಕವರಿಗೆಲ್ಲ "ಚೂರು ತಿರುಗಿ, ನೋಡ್ತೀನಿ" ಅನ್ನುವಳು. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನೂ ತಿರುಗಿಸಿ, ಅಂಗಿಯ ಬೆನ್ನು ನೋಡಿ ಕಳಿಸಿದ್ದಳು. ನಿಮ್ಮಜ್ಜ ಅವಳನ್ನು ಕಂಡರೆ ಕಾಫಿ ಗಿಡಗಳ ಮರೆಗೆ ಸರಿದುಬಿಡುತ್ತಿದ್ದರು.

ಫ್ಯಾಷನ್ ಓದು ಅಂದರೆ ವೇದಿಕೆಯ ಮೇಲೆ ಬಳುಕಿ ನಡೆಯುವುದು ಎಂದೇ ನಮ್ಮೆಲ್ಲರ ತಿಳಿವಳಿಕೆ. ಅವಳಪ್ಪನಿಗೂ ಅದೇ ಭಯ. ಕೊನೆಯ ವರ್ಷ ಬಾಕಿ ಇರುವಾಗಲೇ ಗಂಡಿನ ಕಡೆಯವರನ್ನು ಕರೆಸಿ, "ಇದು ಕುದುರಿದ್ರೆ ಓದು ಇಲ್ಲಿಗೆ ಸಾಕು ಮಾರಾಯ್ತಿ" ಎಂದುಬಿಟ್ಟರು.

ಆ ದಿನ ಅವರ ಮನೆಗೆ ಸಹಾಯಕ್ಕೆ ಹೋಗಿದ್ದ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಹುಡುಗನ ತಾಯಿ ನಗುತ್ತ, "ಲಂಡನ್ನಲ್ಲಿ ಕಲ್ತಿದ್ದೀಯಲ್ಲ, ಒಂಚೂರು ನಡೆದು ತೋರ್ಸಮ್ಮ" ಅಂದರು.

"ನಡೆಯೋರು ಬೇರೆ ಆಂಟಿ. ನಾವು ಬಟ್ಟೆ ಮಾಡಿ, ಕೂತು ನೋಡೋರು." ಆಮೇಲೆ ಹುಡುಗನಿಗೆ, "ಎಲ್ಲಿ, ನೀವೇ ಬಾಗಿಲವರೆಗೆ ಹೋಗಿ ಬನ್ನಿ" ಎಂದಳು.

ಪಾಪ, ಎದ್ದು ನಡೆದೇಬಿಟ್ಟ.

"ಚೂರು ತಿರುಗಿ, ನೋಡ್ತೀನಿ."

ಅದನ್ನೂ ಮಾಡಿದ. ನಗು ತಡೆಯಲಾಗದೆ ನನ್ನ ಕೈಯ ತಟ್ಟೆ ಗಡಗಡ ಅಂದಿತು.

"ಪಾಸಾ?" ಎಂದು ಕೇಳಿದ ಹುಡುಗನ ಕಿವಿ ಕೆಂಪಾಗಿತ್ತು.

"ನೀವು ಪಾಸು, ಕೋಟು ಫೇಲು. ಭುಜ ಜಾರಿದೆ, ಬಿಚ್ಚಿ ಕೊಡಿ. ಸರಿ ಮಾಡೋಕೆ ಒಂದು ವರ್ಷ ಬೇಕು."

ಅವಳಪ್ಪ ಬಾಯಿ ತೆರೆಯುವ ಮೊದಲೇ ಹುಡುಗ ಕೋಟು ಬಿಚ್ಚಿ ಕೊಟ್ಟು, "ಒಂದು ವರ್ಷ ತಾನೇ, ಕಾಯ್ತೀನಿ" ಎಂದ.

ಸಂಜೆ ಬರೀ ಅಂಗಿಯಲ್ಲಿ ಚಳಿಗೆ ನಡುಗುತ್ತಲೇ ಜೀಪು ಹತ್ತಿದ. ಮುಂದಿನ ವಾರ ಅವಳ ಜೊತೆ ಕೋಟೂ ಲಂಡನ್ನಿಗೆ ಹಾರಿತು.