ಕಾಕಾನ ಜೇನು, ನನ್ನ ಕಾಲ್ಗುಣ

ಮೊನ್ನೆ ಚೆಂಬೂರು ಸ್ಟೇಷನ್ನಿನ ಹೊರಗೆ ಚೀಲದ ಕಿತ್ತ ಹಿಡಿಕೆ ಹೊಲಿಸಲು ನಿಂತಿದ್ದೆ. ಚಪ್ಪಲಿ ಹೊಲಿಯುವವನು ದಾರವನ್ನು ಒಂದು ಕಂದು ಉಂಡೆಯ ಮೇಲೆ ಎರಡು ಸಲ ಎಳೆದ. ಉಂಡೆ ಬಿಸಿಲಿಗೆ ಮೆತ್ತಗಾಗಿತ್ತು. ಅದರ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಚಿಲ್ಲರೆ ಮರೆತು ನಿಂತುಬಿಟ್ಟೆ. ಜೇನುಮೇಣ. ಅಸಲಿ ಮೇಣ ಈಗ ಸಿಗುವುದಿಲ್ಲ, ಇದು ಊರಿಂದ ತಂದದ್ದು ಎಂದು ಅವನು ಹಿಂದಿಯಲ್ಲಿ ಏನೇನೋ ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ, ಕಿವಿ ಮಾತ್ರ ಅಲ್ಲಿರಲಿಲ್ಲ...

ನಾನು ಮದುವೆಯಾಗಿ ಗದಗಿನಿಂದ ಮುಂಬಯಿಗೆ ಬಂದದ್ದು ಇಲ್ಲಿಗೆ ಟಿ.ವಿ. ಬಂದ ಹೊಸತರಲ್ಲಿ. ಚೆಂಬೂರಿನ ಒಂದು ಬಿಲ್ಡಿಂಗಿನ ನಾಲ್ಕನೆಯ ಮಹಡಿ. ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಅತ್ತೆ, ಯಜಮಾನರು, ನಾನು ಮತ್ತು ಎಣಿಕೆಗೆ ಸಿಗದಷ್ಟು ತಗಣಿಗಳು. ಎದುರಿನ ಖೋಲಿಯಲ್ಲಿ ಕಾಕಾ ಇದ್ದರು. ಬಿಜಾಪುರದ ಕಡೆಯವರು, ಐವತ್ತು ದಾಟಿತ್ತು. ಹೆಂಡತಿ ಮಕ್ಕಳು ಊರಲ್ಲಿ ಹೊಲ ನೋಡಿಕೊಂಡಿದ್ದರು, ಇವರು ಇಲ್ಲಿ ಯಾವುದೋ ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆ ತೊಳೆಯುತ್ತ, ಹುಡುಗರಿಗೆ ಸಾಮಾನು ಕೊಡುತ್ತ ದಿನ ಕಳೆಯುತ್ತಿದ್ದರು. ರಕ್ತಸಂಬಂಧವೇನಿಲ್ಲ. ಯಜಮಾನರು ಕಾಕಾ ಎನ್ನುತ್ತಿದ್ದರು, ನಾನೂ ಎಂದೆ.

ಯಾವ ಮಾತನ್ನೂ ಹೇಳಿದ ಕೂಡಲೇ ನಂಬುವ ಜಾಯಮಾನ ಅವರದಾಗಿರಲಿಲ್ಲ. ಇವತ್ತು ಮಳೆ ಬರುತ್ತದೆ ಎಂದರೂ "ನೋಡೂಣು" ಎನ್ನುತ್ತಿದ್ದರು, ಹಾಲಿನವನು ನೀರು ಬೆರೆಸಿಲ್ಲ ಎಂದು ಆಣೆ ಹಾಕಿದರೂ "ನೋಡೂಣು" ಎನ್ನುತ್ತಿದ್ದರು. ಬರೀ ಅನ್ನುವುದಲ್ಲ, ನಿಜಕ್ಕೂ ನೋಡುತ್ತಿದ್ದರು. ಹಾಲನ್ನು ಉಗುರಿನ ಮೇಲೆ ಬಿಟ್ಟು, ಇಳಿಜಾರಿನಲ್ಲಿ ಹರಿಸಿ, ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರೆ ಹಾಲಿನವನು ಬೆವರುತ್ತಿದ್ದ.

ಟೆರೇಸಿನಲ್ಲಿ, ನೀರಿನ ಟಾಂಕಿಯ ಹಿಂದೆ, ಅವರದೊಂದು ಜೇನುಪೆಟ್ಟಿಗೆ ಇತ್ತು. ಮಹಾಬಳೇಶ್ವರದ ಕಡೆಯಿಂದ ಎಸ್.ಟಿ. ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದದ್ದಂತೆ. ಇರುವೆ ಹತ್ತದಂತೆ ಸ್ಟೂಲಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು. ಸಂಜೆ ಕೆಲಸದಿಂದ ಬಂದು ಬನಿಯನ್ನಿನಲ್ಲಿ ಅದರ ಪಕ್ಕ ಕೂರುವರು. ಏನು ಮಾಡುತ್ತೀರಿ ಎಂದರೆ ಹಾಜರಿ ತೆಗೆದುಕೊಳ್ಳುತ್ತಿದ್ದೇನೆ ಎನ್ನುವರು. ವರ್ಷಕ್ಕೆರಡು ಸಲ ಬಿಲ್ಡಿಂಗಿನ ಮನೆಮನೆಗೆ ಒಂದು ಲೋಟ ಜೇನುತುಪ್ಪ ಬರುತ್ತಿತ್ತು, ನನ್ನ ಅತ್ತೆಗೆ ಒಡೆದ ಹಿಮ್ಮಡಿಗೆ ಹಚ್ಚಲು ಮೇಣ. ಮುಂಬಯಿಯಲ್ಲಿ ಅವರಿಗೆ ಸಂಸಾರ ಅಂತ ಇದ್ದದ್ದು ಆ ಪೆಟ್ಟಿಗೆ ಒಂದೇ.

ನಾನು ಮನೆತುಂಬಿದ ಒಂಬತ್ತನೆಯ ದಿನ ಪೆಟ್ಟಿಗೆ ಖಾಲಿಯಾಯಿತು.

ಅದು ಇಡೀ ಬಿಲ್ಡಿಂಗಿಗೆ ಗೊತ್ತಾದ ಬಗೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಕಾಕಾನ ಮರಾಠಿ ಅಷ್ಟಕ್ಕಷ್ಟೇ. ಮೆಟ್ಟಿಲ ಮೇಲೆ ಸಿಕ್ಕ ಮೊದಲ ಮಹಡಿಯ ಮರಾಠಿ ಹೆಂಗಸಿಗೆ, ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದವಳಿಗೆ, ಮುಖ ಸಣ್ಣದು ಮಾಡಿಕೊಂಡು, "ಮಾಝೀ ಮಾಶಿ ಗೇಲಿ" ಎಂದರು. ನನ್ನ ನೊಣ ಹೋಯಿತು ಎಂದು ಅವರ ಅರ್ಥ. ಬಾಯಿಯ ಕಿವಿಗೆ ಬಿದ್ದದ್ದು 'ಮಾವಶಿ'. ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ, ಹೋದಳು ಎಂದರೆ ತೀರಿಕೊಂಡಳು ಎಂದೇ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಪಾಪ, ಆಕೆ ಝುಣಕಾ ಭಾಕರಿ ಮಾಡಿಕೊಂಡು ನಾಲ್ಕು ಮಹಡಿ ಹತ್ತಿ ಬಂದಳು. ಕಾಕಾ ಗೊಂದಲದಲ್ಲೇ ಅದನ್ನು ತಿಂದರು. ಎಷ್ಟು ವಯಸ್ಸಾಗಿತ್ತು ಎಂದು ಆಕೆ ಕೇಳಿದಾಗ, "ರಾಣಿಗೆ ಎರಡು ವರ್ಷ" ಎಂದರಂತೆ.

ನಗೆಯೇನೋ ಆಯಿತು. ಆದರೆ ವಿಷಯ ತಿಳಿದ ಮೇಲೆ ಬಾಯಿ, ಎಂದಿನಿಂದ ಎಂದು ಕೇಳಿದಳು. ದಿನ ಲೆಕ್ಕ ಹಾಕಿದಳು. ಹೊಸ ಸೊಸೆ ಬಂದ ಬೆನ್ನಿಗೇ ಅಲ್ಲವೇ ಎಂದಳು. ನನ್ನ ಅತ್ತೆ ಬಾಗಿಲಲ್ಲೇ ನಿಂತಿದ್ದರು.

ಕಾಲ್ಗುಣ ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ಸೊಸೆ ಹೊಸ್ತಿಲು ದಾಟಿದ ಮೇಲೆ ಆಕಳು ಕರು ಹಾಕಿದರೆ ಅವಳ ಕಾಲ್ಗುಣ, ಸತ್ತರೂ ಅವಳದೇ. ಅತ್ತೆ ಕೆಟ್ಟವರಲ್ಲ, ನನಗೆ ಬಡಿಸದೆ ಒಂದು ದಿನವೂ ಉಂಡವರಲ್ಲ. ಆದರೆ ಜೇನು ತಾನಾಗಿ ಬಿಟ್ಟುಹೋದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಅವರು ಹುಟ್ಟಿದಾಗಿನಿಂದ ಕೇಳಿದ್ದರು. ಆ ಸಂಜೆ ಯಜಮಾನರಿಗೆ ಹೇಳಿದರು, "ಇಕೀನ್ನ ಸ್ವಲ್ಪ ದಿವಸ ತವರಿಗೆ ಬಿಟ್ಟು ಬಾ. ಶಾಂತಿ ಮಾಡಿಸಿ ಆಮ್ಯಾಲೆ ಕರಕೊಂಡು ಬರೂಣು."

ನನ್ನ ಬೆನ್ನಿಗೆ ಇಬ್ಬರು ತಂಗಿಯರಿದ್ದರು. ಅಕ್ಕ ಹದಿನೈದು ದಿನಕ್ಕೆ ತಿರುಗಿ ಬಂದ ಮನೆಗೆ ಹೆಣ್ಣು ನೋಡಲು ಯಾರು ಬರುತ್ತಾರೆ? ಅಡುಗೆಮನೆಯಲ್ಲಿ ಕೂತು ನಾನು ನನ್ನ ಕಾಲುಗಳನ್ನೇ ನೋಡಿಕೊಂಡೆ. ಇನ್ನೂ ಕಾಲುಂಗುರ ಕಚ್ಚಿದ ಗುರುತು ಮಾಗಿರಲಿಲ್ಲ.

ಗೋಡೆ ತೆಳ್ಳಗೆ. ಕಾಕಾನಿಗೆ ಕೇಳಿಸಿರಬೇಕು. ಮಾರನೆಯ ದಿನ ಬಂದು, "ಎಂಟು ದಿವಸ ಟೈಮ್ ಕೊಡ್ರಿ ಅಕ್ಕಾರ. ಕಾರಣಾ ಹುಡುಕಿ ಕೊಡ್ತೇನಿ. ಇಲ್ಲಾಂದ್ರ ಕಳಸ್ರಿ" ಎಂದರು. ಅತ್ತೆ ಒಪ್ಪಿದರು. ಶನಿವಾರದ ತನಕ ಗಡುವು.

ಆ ಎಂಟು ದಿನ ಬಿಲ್ಡಿಂಗಿನಲ್ಲಿ ಹುಟ್ಟಿದಷ್ಟು ಸಿದ್ಧಾಂತಗಳು ಕಾಕಾನ ಕಾಲೇಜಿನಲ್ಲೂ ಹುಟ್ಟಿರಲಾರವು. ಕಾರ್ಖಾನೆಗಳ ಹೊಗೆ ಎಂದರು ಕೆಲವರು. ಕಾಕಾ ಯೋಚಿಸಿ, ನಾಲ್ಕು ವರ್ಷ ಇದೇ ಹೊಗೆ ಕುಡಿದು ತುಪ್ಪ ಕೊಟ್ಟ ಹುಳಗಳು ಈ ವಾರ ಯಾಕೆ ಬೇಸತ್ತವು ಎಂದು ತಳ್ಳಿಹಾಕಿದರು. ಎರಡನೆಯ ಮಹಡಿಯವರು ಟೆರೇಸಿನಲ್ಲಿ ಹೊಸದಾಗಿ ನಿಲ್ಲಿಸಿದ್ದ ಆಂಟೆನಾದ ಮೇಲೆ ಹೆಚ್ಚಿನವರ ಅನುಮಾನ. ಗಾಳಿಯಲ್ಲಿ ಚಿತ್ರ ಹರಿದುಬಂದರೆ ನೊಣಕ್ಕೆ ದಾರಿ ತಪ್ಪುವುದಿಲ್ಲವೇ? ನನಗಂತೂ ಇದು ಪೂರ್ತಿ ಒಪ್ಪಿಗೆಯಾಗಿತ್ತು. ಕಾಕಾ ನನ್ನನ್ನು ಟೆರೇಸಿಗೆ ಕರೆದು ಎದುರಿನ ಬಿಲ್ಡಿಂಗು ತೋರಿಸಿದರು. ಅಲ್ಲಿ ಮೂರು ಆಂಟೆನಾ. ನಡುವಿನದರ ಕಂಬಕ್ಕೇ ಅಂಗೈಯಷ್ಟು ಅಗಲದ ಕೋಲುಜೇನು ಕಟ್ಟಿತ್ತು.

"ಟಿ.ವಿ. ನೋಡ್ಕೋತ ಆರಾಮ ಅದಾವ" ಎಂದರು.

ಹೂ ಇಲ್ಲವೇನೋ ಎಂದು ಎರಡು ಸಂಜೆ ಕಾಲೊನಿಯೆಲ್ಲ ಸುತ್ತಿ ಬಂದರು. ನುಗ್ಗೆ ತುಂಬಾ ಹೂವಿತ್ತು, ತೆಂಗು ಇತ್ತು. ಬಿಟ್ಟುಹೋದ ಜೇನುಹುಟ್ಟುಗಳನ್ನು ಕಾಲೇಜಿನಿಂದ ತಂದ ಭೂತಗನ್ನಡಿಯಲ್ಲಿ ನೋಡಿದರು. ಮೇಣ ತಿನ್ನುವ ಹುಳ ಇರಲಿಲ್ಲ, ಇರುವೆ ಇರಲಿಲ್ಲ. ತುಪ್ಪವೂ ಹಾಗೇ ಇತ್ತು. ಅವರನ್ನು ಕಾಡಿದ್ದು ಒಂದೇ. ರೋಗ ಬಂದು ಸತ್ತಿದ್ದರೆ ಹೆಣ ಎಲ್ಲಿ? ಪೆಟ್ಟಿಗೆಯ ಒಳಗಾಗಲಿ ಹೊರಗಾಗಲಿ ಒಂದೇ ಒಂದು ಸತ್ತ ನೊಣ ಇರಲಿಲ್ಲ. ಟೆರೇಸು ಕನ್ನಡಿಯಂತಿತ್ತು.

ಕೊನೆಗೆ, ನನಗೆ ಆಶ್ಚರ್ಯವಾಗುವಂತೆ, ಕಾಲ್ಗುಣವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಯಾವುದನ್ನೂ ನೋಡದೆ ಬಿಡಬಾರದಂತೆ. ಅತ್ತೆಯನ್ನು ಸಾಕ್ಷಿಗೆ ಕರೆದುಕೊಂಡು ಎದುರಿನ ಬಿಲ್ಡಿಂಗಿನ ಟೆರೇಸಿಗೆ ಹೋದೆವು. ನಾನು ಆ ಕೋಲುಜೇನಿನ ಕೆಳಗೆ ಬರಿಗಾಲಲ್ಲಿ ಕಾಲು ಗಂಟೆ ನಿಲ್ಲಬೇಕು, ಮೂರು ದಿನ. ನಿಂತೆ. ಜೇನು ಅಲುಗಾಡಲಿಲ್ಲ. ಮೂರನೆಯ ದಿನ ಅತ್ತೆ ಸೆರಗು ಸರಿಮಾಡಿಕೊಂಡು ತೀರ್ಪು ಹೇಳಿದರು, "ಅವು ನಮ್ಮ ಮನಿ ಹುಳಾ ಅಲ್ಲಲ್ಲ ತಮ್ಮಾ. ಅವಕ್ಕ ಇಕೀ ಕಾಲು ಯಾಕ ತಾಗ್ತೈತಿ?" ಕಾಕಾನ ಮುಖದಲ್ಲಿ ಮೊದಲ ಸಲ ಸೋಲು ಕಂಡೆ. ಸಿದ್ಧಾಂತವೇನೋ ಗಟ್ಟಿಯಾಗಿಯೇ ಇತ್ತು.

ಶುಕ್ರವಾರ ಸಂಜೆ ನಾನು ಒಣಗಿದ ಬಟ್ಟೆ ತರಲು ಮೇಲೆ ಹೋದೆ. ಕಾಕಾ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಅಗಲ ತಟ್ಟೆಯೊಂದನ್ನು ಹಿಡಿದುಕೊಂಡಿದ್ದರು. ಜೇನು ನೀರು ಕುಡಿಯಲೆಂದು ಅವರೇ ಇಟ್ಟದ್ದು, ಕಾಲೂರಲು ಒಳಗೆ ಕಲ್ಲು, ಪಾಚಿ ಇರುತ್ತಿದ್ದವು.

"ಪಾಚಿ ಎಲ್ಲಿ ಹೋತು?" ಎಂದು ತಮಗೆ ತಾವೇ ಕೇಳಿಕೊಂಡರು.

ನಾನು ಹೆಮ್ಮೆಯಿಂದಲೇ ಹೇಳಿದೆ. ಹೊಸ ಸೊಸೆ ಅಲ್ಲವೇ, ಕೆಲಸಗಳ್ಳಿ ಎನಿಸಿಕೊಳ್ಳಬಾರದು. ಬಂದ ವಾರವೇ ಗಾದಿಗಳನ್ನು ಟೆರೇಸಿಗೆ ಹೊತ್ತು ತಂದು ತಗಣಿ ಔಷಧ ಹೊಡೆದಿದ್ದೆ. ಆಗ ಕಣ್ಣಿಗೆ ಬಿದ್ದ ಈ ಕೊಳಕು ತಟ್ಟೆಯನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಿಟ್ಟಿದ್ದೆ. ಕಾಗೆಗೆ ಇಟ್ಟದ್ದೆಂದುಕೊಂಡಿದ್ದೆ. ಮುಂದಿನ ದಿನಗಳಲ್ಲಿ ಅಲ್ಲಲ್ಲಿ ಬಿದ್ದಿದ್ದ ನೊಣಗಳನ್ನೆಲ್ಲ ಗುಡಿಸಿ, ಟೆರೇಸು ಚೊಕ್ಕಟ ಮಾಡಿದ್ದೆ.

"ನೀರು ಯಾವುದರಿಂದ ಹಾಕಿದಿ?"

ನಳದ ಹತ್ತಿರ ಇದ್ದ ಹಳೆಯ ಅಲ್ಯೂಮಿನಿಯಂ ತಂಬಿಗೆ ತೋರಿಸಿದೆ. ಔಷಧ ಕಲಸಿದ್ದೂ ಅದರಲ್ಲೇ. ಕಾಕಾ ಅದನ್ನು ಮೂಗಿನ ಹತ್ತಿರ ಹಿಡಿದರು. ಇಷ್ಟು ದಿನಗಳ ಮೇಲೂ ಅದು ಔಷಧದ ವಾಸನೆ ಹೊಡೆಯುತ್ತಿತ್ತು. ನನಗೂ ಗೊತ್ತಾಯಿತು. ಒಣಗಿದ ಬಟ್ಟೆಯಲ್ಲಿ ಮುಖ ಹುದುಗಿಸಿ ಅಳತೊಡಗಿದೆ.

ಅವರು ಸಮಾಧಾನ ಹೇಳಲಿಲ್ಲ. ಎಷ್ಟು ಚಮಚ ಔಷಧ, ಯಾವ ದಿನ, ಬೆಳಿಗ್ಗೆಯೋ ಮಧ್ಯಾಹ್ನವೋ, ಬಿದ್ದ ನೊಣಗಳ ನಾಲಿಗೆ ಹೊರಗಿತ್ತೇ ಎಂದೆಲ್ಲ ಕೇಳಿದರು. ಅವರ ಹುಳಗಳನ್ನು ಕೊಂದವಳು ಎದುರಿಗೇ ಅಳುತ್ತಿದ್ದಾಗಲೂ ಅವರಿಗೆ ತಿಳಿದುಕೊಳ್ಳುವುದು ಬಾಕಿ ಇತ್ತು. ಅರ್ಧ ಸತ್ತಿರಬೇಕು, ಉಳಿದವು ನೀರಿನ ನಂಬಿಕೆ ಹೋಗಿ ಜಾಗ ಬಿಟ್ಟಿರಬೇಕು, ಎಂದು ಲೆಕ್ಕಕ್ಕೆ ಬಂದರು. ಎಲ್ಲ ಕೇಳಿ ಮುಗಿದ ಮೇಲೆ ತಂಬಿಗೆಯನ್ನು ಪಕ್ಕಕ್ಕಿಟ್ಟರು.

"ಇದು ಕಾಲ್ಗುಣ ಅಲ್ಲ ಯವ್ವಾ, ಕೈಗುಣ. ಕಾಲಿಂದಾಗಿದ್ರ ಯಾರಿಗೂ ಏನೂ ಮಾಡಾಕ ಬರತಿದ್ದಿಲ್ಲ. ಕೈಯಿಂದಾದದ್ದು ತಿದ್ದಿಕೋಬಹುದು."

ಶನಿವಾರ ಬೆಳಿಗ್ಗೆ ಬಂದು ಅತ್ತೆಯ ಮುಂದೆ ನಿಂತರು. ನಾನು ಒಲೆಯ ಹತ್ತಿರ ಉಸಿರು ಹಿಡಿದುಕೊಂಡಿದ್ದೆ. "ಕಾರಣಾ ಸಿಕ್ಕಿತು ಅಕ್ಕಾರ. ತಪ್ಪು ನಂದಽ. ತಗಣಿ ಔಷಧಾ ಕಲಸಿದ ತಂಬಿಗೀಲೆ ನಾನಽ ಹುಳಕ್ಕ ನೀರಿಟ್ಟಿದ್ದೆ" ಎಂದರು. ಉಗುರಿನ ಮೇಲೆ ಹಾಲು ಬಿಟ್ಟು ಸತ್ಯ ಹುಡುಕುತ್ತಿದ್ದ ಮನುಷ್ಯ, ಕಣ್ಣು ಪಿಳುಕಿಸದೆ ಸುಳ್ಳು ಹೇಳಿದರು.

ನನ್ನನ್ನು ತವರಿಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು. ಅತ್ತೆ ಇನ್ನೆಂದೂ ಕಾಲ್ಗುಣ ಎನ್ನಲಿಲ್ಲ. ಬದಲಿಗೆ ಕಾಕಾನನ್ನು ತಿಂಗಳುಗಟ್ಟಲೆ ಬೈದರು. ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಇಷ್ಟು ತಿಳಿಯಲಿಲ್ಲವೇ ಎಂದು. ಬಿಲ್ಡಿಂಗಿನ ಮಕ್ಕಳು ಅವರನ್ನು ತಗಣಿ ಕಾಕಾ ಎಂದು ಕರೆಯತೊಡಗಿದರು. ಪ್ರತಿಸಲವೂ ಅದು ನನ್ನ ಹೆಸರು ಎಂದು ಅನಿಸುತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಅವರು ಇನ್ನೊಂದು ಪೆಟ್ಟಿಗೆ ತರಲು ಬಿಲ್ಡಿಂಗಿನವರ ಒಪ್ಪಿಗೆ ಕೇಳಿದರು. ಭಾನುವಾರ ಟೆರೇಸಿನಲ್ಲೇ ಮೀಟಿಂಗು. ಕುಡಿಯುವ ನೀರಿನ ಟಾಂಕಿಯ ಪಕ್ಕ ಔಷಧ ಕಲಸುವವರನ್ನು ನಂಬುವುದು ಹೇಗೆ ಎಂದರು ಎರಡನೆಯ ಮಹಡಿಯವರು. ಮೊದಲ ಮಹಡಿಯ ಬಾಯಿ ಹೌದೆಂದಳು, ನನ್ನ ಅತ್ತೆಯೂ ಹೌದೆಂದರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಆಗ ಹೇಳಬಹುದಿತ್ತು. ನನ್ನ ಸಂಸಾರ ಬೇರೂರಿತ್ತು, ಹೊಟ್ಟೆಯಲ್ಲಿ ಮಗುವಿತ್ತು, ಯಾರೂ ನನ್ನನ್ನು ಎಲ್ಲಿಗೂ ಕಳಿಸುತ್ತಿರಲಿಲ್ಲ. ಕಾಕಾ ನನ್ನ ಕಡೆ ನೋಡಲೂ ಇಲ್ಲ. ಹೇಳಬೇಡ ಎಂದು ಸನ್ನೆ ಮಾಡಿದ್ದರೂ ನನಗೊಂದು ನೆಪ ಸಿಗುತ್ತಿತ್ತು... "ನೀವು ಅನ್ನೂದು ಬರೋಬರಿ ಐತಿ" ಎಂದು ತಲೆಯಾಡಿಸಿ, ಚಹಾ ಕುಡಿದು, ಕೆಳಗಿಳಿದು ಹೋದರು.

ಮತ್ತೆ ಅವರು ಜೇನು ಸಾಕಲಿಲ್ಲ. ನಿವೃತ್ತಿಯಾಗಿ ಊರಿಗೆ ಹೋದರು. ಕೆಲವು ವರ್ಷಗಳ ಮೇಲೆ, ತಂದೆ ತೀರಿಕೊಂಡರೆಂದು ಅವರ ಮಗನಿಂದ ಒಂದು ಕಾರ್ಡು ಬಂತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಂಗಾರದಂಥಾ ಮನಷ್ಯಾ. ಪಾಪ, ಆ ಜೇನ ಒಂದು ಕೊಂದಿದ್ದಿಲ್ಲಾಂದ್ರ" ಎಂದರು. ಆಗಲೂ ನಾನು ಸುಮ್ಮನಿದ್ದೆ. ನಾಚಿಕೆ ಹಳತಾದರೆ ಸವೆಯುತ್ತದೆ ಎಂದುಕೊಂಡಿದ್ದೆ. ಅದು ಸುಳ್ಳು.

ಚೀಲ ಹೊಲಿಸಿಕೊಂಡು ಮನೆಗೆ ಬಂದಾಗ ಮೊಮ್ಮಗಳು ಶಾಲೆಯ ಪ್ರಾಜೆಕ್ಟು ಹರಡಿಕೊಂಡು ಕೂತಿದ್ದಳು. ಪರಿಸರದ ಬಗ್ಗೆ ಏನೋ ಒಂದು ವಿಷಯ ಆರಿಸಿಕೊಳ್ಳಬೇಕಿತ್ತಂತೆ. ದಾರಿಯಲ್ಲಿ ನೆನಪಾದದ್ದು ನಾಲಿಗೆಯ ತುದಿಯಲ್ಲೇ ಇತ್ತು, ಜೇನು ಯಾಕೆ ಮಾಯವಾಗುತ್ತಿದೆ ಎಂದು ನೋಡು ಎಂದೆ. ಅವಳು ಮೊಬೈಲಿನಲ್ಲಿ ಹುಡುಕಿ ಒಂದೊಂದೇ ಓದಿದಳು. ಬೆಳೆಗೆ ಹೊಡೆಯುವ ಔಷಧ, ಮೈಗೆ ಹತ್ತುವ ಹುಳ, ಹೂ ಕಮ್ಮಿಯಾದದ್ದು, ಬಿಸಿಲು ಏರಿದ್ದು, ಮೊಬೈಲ್ ಟವರು. ಕೆಲವು ಕಡೆ ಪೆಟ್ಟಿಗೆ ಖಾಲಿಯಾಗುತ್ತದೆ, ಸತ್ತ ನೊಣ ಮಾತ್ರ ಸಿಗುವುದಿಲ್ಲವಂತೆ. ಕಾಕಾ ಇದ್ದಿದ್ದರೆ ಕನ್ನಡಕ ಹಣೆಗೇರಿಸಿ ಒಂದೊಂದಕ್ಕೂ "ನೋಡೂಣು" ಎನ್ನುತ್ತಿದ್ದರು, ಎಷ್ಟು ಖುಷಿಪಡುತ್ತಿದ್ದರೋ.

ನಾನು ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಗಾದಿ, ತಂಬಿಗೆ, ಮೀಟಿಂಗು, ಚಹಾದ ತಟ್ಟೆ. ನನ್ನ ಕನ್ನಡ ಅವಳಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ಕೇಳಿ ತಿಳಿದುಕೊಳ್ಳುತ್ತಾಳೆ.

"ಮತ್ಲಬ್, ಮಿಸ್ಟೇಕ್ ಆ ಕಾಕಾದು ಅಲ್ಲಾ?" ಎಂದಳು.

"ಅಲ್ಲ" ಎಂದೆ. "ನಂದು."

ಅವಳು ತಲೆಯಾಡಿಸಿ ಬರೆಯಲು ಬಾಗಿದಳು. ಕಾಕಾ ಇಲ್ಲ, ಅತ್ತೆ ಇಲ್ಲ, ಆ ಮೀಟಿಂಗಿನಲ್ಲಿ ಕೂತಿದ್ದವರು ಯಾರೂ ಇಲ್ಲ. ಅವರೆಲ್ಲರ ಮುಂದೆ ಹೇಳಬೇಕಾಗಿದ್ದ ಮಾತನ್ನು ಹನ್ನೆರಡು ವರ್ಷದ ಹುಡುಗಿ ಒಬ್ಬಳು ಕೇಳಿಸಿಕೊಂಡಳು.